ಅಥೆನ್ಸಿನವರು ವೋಟಿಗಿಂತ ಚೀಟಿಯನ್ನೇ ಜಾಸ್ತಿ ನಂಬಿದ್ದರು

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಅವಳ ಪುಸ್ತಕದಲ್ಲಿ "ಪ್ರಜಾಪ್ರಭುತ್ವ ಹುಟ್ಟಿದ್ದು ಪ್ರಾಚೀನ ಗ್ರೀಸ್‌ನಲ್ಲಿ" ಅಂತ ಒಂದೇ ಸಾಲು ಇದೆ. ಹುಟ್ಟಿಸಿದ್ದು ಯಾರು, ಯಾಕೆ ಅಂತ ಕೇಳಿದಳು, ನನಗೆ ಹೇಳೋಕೆ ಆಗಲಿಲ್ಲ. ಅದಕ್ಕೂ ಮುಂಚೆ ಅಲ್ಲಿ ರಾಜರಿದ್ದರಾ? ಗ್ರೀಕರೆಲ್ಲ ಹೀಗೇ ಆಳಿಕೊಳ್ಳುತ್ತಿದ್ದರಾ? ಗುಲಾಮರನ್ನು ಇಟ್ಟುಕೊಂಡಿದ್ದವರನ್ನು ಪ್ರಜಾಪ್ರಭುತ್ವದವರು ಅನ್ನೋದು ಸರಿಯಾ?

ಉತ್ತರ:

ಯಾರು ಅನ್ನೋದಕ್ಕೆ ಒಂದೇ ಹೆಸರು ಬೇಕು ಅಂದರೆ ಕ್ಲೈಸ್ತನೀಸ್ ಅಂತ ಬರೆದುಕೊಳ್ಳಲಿ. ಊರು ಅಥೆನ್ಸ್, ವರ್ಷ ಕ್ರಿ.ಪೂ. 508. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಮನುಷ್ಯ ಪ್ರಜಾಪ್ರಭುತ್ವ ಕಟ್ಟೋಣ ಅಂತ ಹೊರಟವನೇ ಅಲ್ಲ. ದೊಡ್ಡ ಮನೆತನದವನು, ಇನ್ನೊಬ್ಬ ದೊಡ್ಡ ಮನೆತನದವನ ಜೊತೆ ಜಗಳದಲ್ಲಿ ಸೋಲುತ್ತಿದ್ದ, ಬೇರೆ ದಾರಿ ಕಾಣದೆ ಜನರ ಕೈ ಹಿಡಿದ. ಅದೂ ತಾನೇ ಊರು ಬಿಟ್ಟು ಓಡಿಹೋಗಿದ್ದಾಗ ಜನ ಎದ್ದು ನಿಂತದ್ದರಿಂದ ಗೆದ್ದ. ಹಾಗಾಗಿ ನಿಮ್ಮ ಮಗಳು ಕೇಳಿದ "ಯಾಕೆ" ಅನ್ನೋದೇ ಒಳ್ಳೆಯ ಪ್ರಶ್ನೆ. ಅದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳೋಣ. ಆಗ ಗ್ರೀಸ್ ಅನ್ನೋ ದೇಶ ಇರಲಿಲ್ಲ. ಇದ್ದದ್ದು ಊರುಗಳು. ಒಂದು ಊರು, ಸುತ್ತಲಿನ ಹೊಲ ತೋಟ, ಒಂದಷ್ಟು ಹಳ್ಳಿ, ಇಷ್ಟಕ್ಕೆ ಅವರು ಪೋಲಿಸ್ ಅನ್ನುತ್ತಿದ್ದರು. ನಾವು ನಗರರಾಜ್ಯ ಅಂತ ಓದಿದ್ದು ಇದನ್ನೇ. ಇಂಥವು ಹೆಚ್ಚು ಕಮ್ಮಿ ಸಾವಿರ ಇದ್ದವು. ಒಂದೊಂದಕ್ಕೂ ಬೇರೆ ಕಾನೂನು, ಬೇರೆ ಪಂಚಾಂಗ, ತಿಂಗಳ ಹೆಸರೂ ಬೇರೆ. ಅಥೆನ್ಸ್ ಇವುಗಳಲ್ಲಿ ತುಂಬಾ ದೊಡ್ಡದು. ಅದರ ಸೀಮೆಗೆ ಅಟಿಕಾ ಅಂತ ಹೆಸರು. ಆ ಇಡೀ ಅಟಿಕಾ ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ. ಹಾಗಾಗಿ "ಗ್ರೀಕರೆಲ್ಲ ಹೀಗೇನಾ" ಅಂದರೆ, ಖಂಡಿತ ಇಲ್ಲ.

ರಾಜರು ಇದ್ದರಾ? ಇದ್ದರು, ಆದರೆ ಬಹಳ ಊರುಗಳಲ್ಲಿ ಬೇಗ ಕರಗಿಹೋದರು. ಅವರ ಜಾಗಕ್ಕೆ ನಾಲ್ಕಾರು ಜಮೀನ್ದಾರ ಮನೆತನಗಳು ಬಂದವು. ನ್ಯಾಯ ಹೇಳುವುದು ಅವರೇ, ಯುದ್ಧಕ್ಕೆ ಕರೆಯುವುದು ಅವರೇ, ದೇವರ ಪೂಜೆಯ ಹಕ್ಕೂ ಅವರದೇ. ಕ್ರಿ.ಪೂ. 700ರ ಸುಮಾರಿನಲ್ಲಿ ಹೆಸಿಯಡ್ ಅನ್ನೋ ಕವಿ ಇದ್ದ, ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ಬೆಂದವನು. ಈ ದೊಡ್ಡವರನ್ನು ಅವನು "ಕಾಣಿಕೆ ನುಂಗುವ ದೊರೆಗಳು" ಅಂತ ಬೈದಿದ್ದಾನೆ. ತಾಲ್ಲೂಕು ಕಚೇರಿಗೆ ನಾಲ್ಕು ಸಲ ಅಲೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ.

ಅಧಿಕಾರಕ್ಕೆ ಲಗಾಮು ಹಾಕುವ ಯೋಚನೆ ಅಥೆನ್ಸಿಗಿಂತ ಮುಂಚೆಯೇ ಬೇರೆ ಕಡೆ ಶುರುವಾಗಿತ್ತು ಅನ್ನೋದು ನನಗೆ ಇಷ್ಟವಾದ ವಿಷಯ. ಕ್ರೀಟ್ ದ್ವೀಪದಲ್ಲಿ ಡ್ರೆರೋಸ್ ಅಂತ ಒಂದು ಸಣ್ಣ ಊರು. ಅಲ್ಲಿ ಸಿಕ್ಕ ಕಲ್ಲಿನ ಶಾಸನ ಸುಮಾರು ಕ್ರಿ.ಪೂ. 650ರದ್ದು, ಕಲ್ಲಿನ ಮೇಲೆ ಉಳಿದಿರುವ ಗ್ರೀಕ್ ಕಾನೂನುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಅದು ಹೇಳುವುದು ಇಷ್ಟೇ: ಒಬ್ಬ ಒಂದು ಸಲ ಊರಿನ ಮುಖ್ಯಸ್ಥನಾದರೆ ಮುಂದಿನ ಹತ್ತು ವರ್ಷ ಮತ್ತೆ ಆ ಕುರ್ಚಿಯಲ್ಲಿ ಕೂರುವಂತಿಲ್ಲ. ಕೂತರೆ ಅವನು ಹಾಕಿದ ದಂಡದ ಎರಡರಷ್ಟನ್ನು ಅವನೇ ಕಟ್ಟಬೇಕು, ಬದುಕಿರುವ ತನಕ ಇನ್ನು ಯಾವ ಅಧಿಕಾರವೂ ಇಲ್ಲ, ಆ ಅವಧಿಯಲ್ಲಿ ಮಾಡಿದ್ದೆಲ್ಲ ರದ್ದು. ಖಿಯೋಸ್ ದ್ವೀಪದ ಇನ್ನೊಂದು ಕಲ್ಲು ಕ್ಲೈಸ್ತನೀಸ್‌ಗಿಂತ ಹಳೆಯದು, ಅದರಲ್ಲಿ "ಜನರ ಸಭೆ" ಅನ್ನೋ ಮಾತೇ ಇದೆ, ಒಂದೊಂದು ಪಂಗಡದಿಂದ ಐವತ್ತು ಜನ ಅಂತ. ಹಾಗಾಗಿ ಅಥೆನ್ಸೇ ಮೊದಲು ಅಂತ ನಾನು ಪಣ ಕಟ್ಟಲ್ಲ. ಅಥೆನ್ಸಿನ ಬಗ್ಗೆ ನಮಗೆ ಜಾಸ್ತಿ ಗೊತ್ತು, ಅದು ಬೇರೆ ಮಾತು.

ಜಮೀನ್ದಾರರ ನಂತರ ಬಹಳ ಊರುಗಳಲ್ಲಿ ಟೈರಂಟ್‌ಗಳು ಬಂದರು. ಕನ್ನಡದಲ್ಲಿ ಇದನ್ನು ನಿರಂಕುಶ ದೊರೆ, ಕ್ರೂರಿ ಅಂತೆಲ್ಲ ಮಾಡುತ್ತೇವೆ. ಮೊದಮೊದಲು ಗ್ರೀಕರಿಗೆ ಅದು ಬೈಗುಳ ಆಗಿರಲಿಲ್ಲ. ವಂಶದಿಂದ ಬರದೆ, ಅಡ್ಡದಾರಿಯಲ್ಲಿ ಗದ್ದುಗೆ ಹಿಡಿದವನು, ಅಷ್ಟೇ ಅರ್ಥ. ಹಳೇ ಮನೆತನಗಳ ಕಾಟ ತಡೆಯಲಾರದ ಜನ ಎಷ್ಟೋ ಸಲ ಅವನ ಹಿಂದೆ ನಿಲ್ಲುತ್ತಿದ್ದರು. ಇಂಥವನ ಮಗ ಕೊರಿಂಥ್ ಊರಿನ ಪೆರಿಯಾಂಡರ್. ಊರು ಆಳೋದು ಹೇಗೆ ಅಂತ ಮಿಲೆಟಸ್ಸಿನ ಟೈರಂಟ್‌ನ ಹತ್ತಿರ ಆಳು ಕಳಿಸಿ ಕೇಳಿಸಿದನಂತೆ. ಆತ ಬಾಯಿ ಬಿಡಲಿಲ್ಲ, ಬಂದವನನ್ನು ಪೈರಿನ ಹೊಲದಲ್ಲಿ ಸುತ್ತಾಡಿಸುತ್ತಾ ಎತ್ತರಕ್ಕೆ ಬೆಳೆದ ತೆನೆಯನ್ನೆಲ್ಲ ಮುರಿದು ಎಸೆಯುತ್ತಾ ಹೋದ. ಆಳಿಗೆ ಏನೂ ತಿಳಿಯಲಿಲ್ಲ, ಪೆರಿಯಾಂಡರ್‌ಗೆ ತಿಳಿಯಿತು. ಹೆರೊಡೋಟಸ್ ಅನ್ನೋ ಹಳೇ ಗ್ರೀಕ್ ಇತಿಹಾಸಕಾರ ಹೇಳುವ ಕಥೆ ಇದು.

ಈಗ ಅಥೆನ್ಸ್. ಅಲ್ಲಿ ಎಲ್ಲ ಶುರುವಾದದ್ದು ಸಾಲದಿಂದ. ಬಡ ರೈತ ಸಾಲ ಮಾಡಿದರೆ ಅಡಮಾನಕ್ಕೆ ಇಡುವುದು ತನ್ನ ಮೈಯನ್ನೇ. ತೀರಿಸಲಿಲ್ಲ ಅಂದರೆ ಅವನು, ಅವನ ಹೆಂಡತಿ ಮಕ್ಕಳು ಸಾಲ ಕೊಟ್ಟವನ ಆಳು. ಬೇಕಾದರೆ ಹೊರದೇಶಕ್ಕೂ ಮಾರಬಹುದು. ನಮಗೆ ಇದಕ್ಕೆ ಹೊಸ ಪದ ಬೇಡ, ಜೀತ ಅಂದರೆ ಸಾಕು. ಹೊಲದಲ್ಲಿ ಒಂದು ಕಲ್ಲು ನೆಟ್ಟಿದೆ ಅಂದರೆ ಆ ಹೊಲ ಸಾಲದಲ್ಲಿದೆ ಅಂತ. ಊರು ಅಂತರ್ಯುದ್ಧಕ್ಕೆ ಬಂದು ನಿಂತಾಗ, ಕ್ರಿ.ಪೂ. 594ರಲ್ಲಿ, ಎರಡೂ ಕಡೆಯವರು ಒಪ್ಪಿ ಸೋಲನ್ ಅನ್ನುವವನಿಗೆ ಪೂರ್ತಿ ಅಧಿಕಾರ ಕೊಟ್ಟರು. ಅವನು ಸಾಲ ಮನ್ನಾ ಮಾಡಿದ, ಕಲ್ಲುಗಳನ್ನು ಕೀಳಿಸಿದ, ಮೈ ಅಡವಿಟ್ಟು ಸಾಲ ಕೊಡುವುದನ್ನೇ ನಿಷೇಧಿಸಿದ, ಹೊರಗೆ ಮಾರಿಹೋಗಿದ್ದವರಲ್ಲಿ ಸಿಕ್ಕವರನ್ನು ವಾಪಸ್ ಕರೆತಂದ. ಭೂಮಿತಾಯಿ ಮೊದಲು ದಾಸಿಯಾಗಿದ್ದಳು, ಈಗ ಬಿಡುಗಡೆಯಾದಳು ಅಂತ ಅವನೇ ಪದ್ಯ ಬರೆದಿದ್ದಾನೆ. ನಮ್ಮಲ್ಲಿ ಜೀತ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ಸುಮ್ನೆ ನೆನಪಿರಲಿ.

ಹಾಗಂತ ಸೋಲನ್ ಪ್ರಜಾಪ್ರಭುತ್ವದವನಲ್ಲ. ಹುಟ್ಟಿದ ಮನೆಯ ಬದಲು ಬೆಳೆದ ದವಸ ನೋಡಿ ಜನರನ್ನು ನಾಲ್ಕು ಭಾಗ ಮಾಡಿದ. ವರ್ಷಕ್ಕೆ ಐನೂರು ಅಳತೆ ಬೆಳೆಯುವವರು, ಕುದುರೆ ಸಾಕಬಲ್ಲವರು, ಜೋಡೆತ್ತಿನವರು, ಕೊನೆಗೆ ಥೀಟ್ಸ್, ಅಂದರೆ ಕೂಲಿನಾಲಿ ಮಾಡುವವರು. ಒಂದು ಅಳತೆ ಸುಮಾರು 52 ಲೀಟರ್. ದೊಡ್ಡ ಹುದ್ದೆಗಳು ಮೇಲಿನವರಿಗೆ. ಕೂಲಿಯವನಿಗೆ ಹುದ್ದೆ ಇಲ್ಲ, ಜನಸಭೆಯಲ್ಲಿ ಕೂರಬಹುದು, ನ್ಯಾಯಸಭೆಯಲ್ಲೂ ಕೂರಬಹುದು. ಆಗ ಅದು ಸಣ್ಣ ಬಾಗಿಲು. ಆದರೆ ತಪ್ಪು ಮಾಡಿದ ಅಧಿಕಾರಿಯ ಮೇಲೆ ಯಾರು ಬೇಕಾದರೂ ದೂರು ಕೊಡಬಹುದು, ಆ ದೂರು ಕೇಳೋ ಜಾಗದಲ್ಲಿ ಕೂಲಿಯವನೂ ಇದ್ದಾನೆ ಅಂದಾಗ ಆ ಸಣ್ಣ ಬಾಗಿಲು ನಿಧಾನಕ್ಕೆ ಹೆಬ್ಬಾಗಿಲೇ ಆಯಿತು. ಇಷ್ಟೆಲ್ಲ ಮಾಡಿ ಸೋಲನ್ ಹತ್ತು ವರ್ಷ ಊರೇ ಬಿಟ್ಟು ಹೋದ. ಇದ್ದರೆ ಎರಡೂ ಕಡೆಯವರು ಬಂದು ತಲೆ ತಿನ್ನುತ್ತಿದ್ದರು.

ಅವನ ಹಿಂದೆಯೇ ಮನೆತನಗಳ ಜಗಳ ಮತ್ತೆ ಶುರು. ಆ ಗಲಾಟೆಯಲ್ಲಿ ಪಿಸಿಸ್ಟ್ರಾಟಸ್ ಅನ್ನುವವನು ಟೈರಂಟ್ ಆದ, ಒಂದಲ್ಲ, ಮೂರು ಸಲ. ಮೊದಲ ಸಲ ತನ್ನ ಮೈಗೆ ತಾನೇ ಗಾಯ ಮಾಡಿಕೊಂಡು ಸಂತೆಗೆ ಬಂದು "ವೈರಿಗಳು ಹೊಡೆದರು" ಅಂತ ಅತ್ತು, ಕಾವಲಿಗೆ ದೊಣ್ಣೆ ಹಿಡಿದ ಆಳುಗಳನ್ನು ಪಡೆದು, ಅವರನ್ನೇ ಕರೆದುಕೊಂಡು ಹೋಗಿ ಕೋಟೆ ಹಿಡಿದ. ಓಡಿಸಿದರು. ಎರಡನೇ ಸಲ ಫೈ ಅನ್ನೋ ಎತ್ತರದ ಚೆಲುವೆಗೆ ಕವಚ ತೊಡಿಸಿ, ರಥದಲ್ಲಿ ನಿಲ್ಲಿಸಿ, ಅಥೀನಾ ದೇವಿಯೇ ಇವನನ್ನು ಕರೆತರುತ್ತಿದ್ದಾಳೆ ಅಂತ ಡಂಗುರ ಸಾರಿಸಿಕೊಂಡು ಊರೊಳಗೆ ಬಂದ. ಗ್ರೀಕರಂಥ ಬುದ್ಧಿವಂತರು ಇದನ್ನು ನಂಬಿದರಲ್ಲ ಅಂತ ಹೆರೊಡೋಟಸ್‌ಗೇ ನಾಚಿಕೆ. ಈ ನಾಟಕದಲ್ಲಿ ಅವನ ಪಾಲುದಾರ ಮೆಗಕ್ಲಿಸ್. ನಮ್ಮ ಕ್ಲೈಸ್ತನೀಸ್‌ನ ಅಪ್ಪ.

ಮೂರನೇ ಸಲ ಸೈನ್ಯ ತಂದು ಗಟ್ಟಿಯಾಗಿ ಕೂತ. ಕೂತ ಮೇಲೆ ಚೆನ್ನಾಗೇ ಆಳಿದ ಅಂತ ಅವನನ್ನು ಒಪ್ಪದವರೂ ಬರೆದಿದ್ದಾರೆ. ರೈತರಿಗೆ ಸಾಲ ಕೊಟ್ಟ, ಹಳ್ಳಿ ಹಳ್ಳಿಗೆ ನ್ಯಾಯಾಧೀಶರನ್ನು ಕಳಿಸಿದ. ಒಮ್ಮೆ ಹೈಮೆಟಸ್ ಬೆಟ್ಟದ ಹತ್ತಿರ ಬರೀ ಕಲ್ಲು ಅಗೆಯುತ್ತಿದ್ದ ಒಬ್ಬ ಮುದುಕನನ್ನು "ಇದರಲ್ಲಿ ಏನಪ್ಪಾ ಬೆಳೀತೀಯಾ" ಅಂತ ಕೇಳಿಸಿದ. ಕೇಳುತ್ತಿರುವುದು ಯಾರ ಕಡೆಯವರು ಅಂತ ಗೊತ್ತಿಲ್ಲದ ಮುದುಕ "ನೋವು, ಸಂಕಟ. ಅದರಲ್ಲೂ ಹತ್ತರಲ್ಲಿ ಒಂದು ಪಾಲು ಪಿಸಿಸ್ಟ್ರಾಟಸ್ ತಗೊಂಡು ಹೋಗಲಿ" ಅಂದ. ಅವನ ಕಂದಾಯ ಪೂರ್ತಿ ಮಾಫಿ ಆಯಿತು.

ಅಪ್ಪನ ನಂತರ ಮಕ್ಕಳು. ಕಿರಿಯವನನ್ನು ಕ್ರಿ.ಪೂ. 514ರಲ್ಲಿ ಹಬ್ಬದ ದಿನ ಇಬ್ಬರು ಕೊಂದರು. ಕಾರಣ ಪ್ರೇಮದ ಜಗಳ. ಆಮೇಲೆ ಅವರಿಬ್ಬರಿಗೂ ಸ್ವಾತಂತ್ರ್ಯ ತಂದವರು ಅಂತ ಪ್ರತಿಮೆ ನಿಲ್ಲಿಸಿದರು, ಅದು ಜನರ ನೆನಪಿನ ಚಾಳಿ. ಹಿರಿಯವನು ಹಿಪ್ಪಿಯಾಸ್ ಅದಾದ ಮೇಲೆ ಕ್ರೂರಿಯಾದ. ಅವನನ್ನು ಓಡಿಸಿದ್ದು ಅಥೆನ್ಸಿನ ಜನರಲ್ಲ, ಕ್ರಿ.ಪೂ. 510ರಲ್ಲಿ ದಂಡೆತ್ತಿ ಬಂದ ಸ್ಪಾರ್ಟಾ ಅನ್ನೋ ಇನ್ನೊಂದು ನಗರರಾಜ್ಯದ ರಾಜ ಕ್ಲಿಯೊಮೆನಿಸ್.

ಖಾಲಿ ಗದ್ದುಗೆಗೆ ಇಬ್ಬರು ಹೊಂಚು ಹಾಕಿದರು, ಇಸಾಗೊರಸ್ ಮತ್ತು ಕ್ಲೈಸ್ತನೀಸ್. ಇಸಾಗೊರಸ್ ಗೆಲ್ಲುತ್ತಿದ್ದ. ಆಗ ಕ್ಲೈಸ್ತನೀಸ್ ಏನು ಮಾಡಿದ ಅನ್ನೋದಕ್ಕೆ ಹೆರೊಡೋಟಸ್ ಬಳಸುವ ಮಾತು ಚೆನ್ನಾಗಿದೆ: ಜನರನ್ನು ತನ್ನ ಗುಂಪಿಗೆ ಸೇರಿಸಿಕೊಂಡ. ಅಲ್ಲಿಯ ತನಕ ಗುಂಪು ಅಂದರೆ ಒಟ್ಟಿಗೆ ಕೂತು ಕುಡಿಯುವ ಸಿರಿವಂತ ಗೆಳೆಯರು. ಇವನು ಇಡೀ ಊರನ್ನೇ ಆ ಪಂಕ್ತಿಗೆ ಕರೆದ. ಇಸಾಗೊರಸ್ ಹೆದರಿ ಮತ್ತೆ ಕ್ಲಿಯೊಮೆನಿಸ್‌ನನ್ನು ಕರೆಸಿಕೊಂಡ. ಕ್ಲೈಸ್ತನೀಸ್ ಜಾಗ ಖಾಲಿ ಮಾಡಿದ. ಸ್ಪಾರ್ಟಾದ ರಾಜ ಬಂದು 700 ಕುಟುಂಬಗಳನ್ನು ಗಡಿಪಾರು ಮಾಡಿ, ಊರಿನ ಮಂಡಳಿಯನ್ನೂ ವಿಸರ್ಜಿಸಲು ಹೋದ. ಅಲ್ಲಿ ಲೆಕ್ಕ ತಪ್ಪಿತು. ಮಂಡಳಿ ಕದಲಲಿಲ್ಲ. ಜನ ಬೀದಿಗಿಳಿದರು, ರಾಜ ಮತ್ತು ಇಸಾಗೊರಸ್ ಅಕ್ರೊಪೊಲಿಸ್ ಬೆಟ್ಟ ಹತ್ತಿ ಬಾಗಿಲು ಹಾಕಿಕೊಂಡರು. ಎರಡು ದಿನ ಮುತ್ತಿಗೆ. ಮೂರನೇ ದಿನ ಸ್ಪಾರ್ಟಾದವರು ಆಯುಧ ಕೆಳಗಿಟ್ಟು ಊರು ಬಿಟ್ಟರು. ಈ ಮೂರು ದಿನ ಮುಂದೆ ನಿಂತು ನಡೆಸಿದ ನಾಯಕ ಯಾರು ಅಂತ ಯಾರೂ ಹೆಸರು ಬರೆದಿಟ್ಟಿಲ್ಲ. ಕ್ಲೈಸ್ತನೀಸ್‌ನನ್ನು ವಾಪಸ್ ಕರೆಸಿದ್ದು ಆಮೇಲೆ. ನನ್ನನ್ನು ಕೇಳಿದರೆ ಪ್ರಜಾಪ್ರಭುತ್ವ ಹುಟ್ಟಿದ್ದು ಆ ಮೂರು ದಿನಗಳಲ್ಲಿ. ಬಂದವನು ಕೊಟ್ಟ ಮಾತು ಉಳಿಸಿಕೊಳ್ಳದೆ ಬೇರೆ ದಾರಿಯೇ ಇರಲಿಲ್ಲ.

ಅವನು ಮಾಡಿದ ಏರ್ಪಾಡು ಚಾಣಾಕ್ಷತನದ್ದು. ಹಳೇ ನಾಲ್ಕು ಕುಲಗಳನ್ನು ಪಕ್ಕಕ್ಕಿಟ್ಟು ಹತ್ತು ಹೊಸ ಪಂಗಡ ಮಾಡಿದ. ಒಂದೊಂದು ಪಂಗಡದಲ್ಲೂ ಪೇಟೆಯ ಒಂದು ತುಂಡು, ಕರಾವಳಿಯ ಒಂದು ತುಂಡು, ಒಳನಾಡಿನ ಒಂದು ತುಂಡು. ಬೆಟ್ಟದ ಕಡೆಯ ಕುರಿಗಾಹಿ, ಬಂದರಿನ ಮೀನುಗಾರ, ಪೇಟೆಯ ಕುಂಬಾರ ಒಂದೇ ಪಂಗಡದಲ್ಲಿ ನಿಂತು ಯುದ್ಧ ಮಾಡಬೇಕು, ಒಟ್ಟಿಗೆ ಸಭೆಗೆ ಹೋಗಬೇಕು. ಒಂದು ಸೀಮೆಯನ್ನೇ ಹಿಡಿತದಲ್ಲಿಟ್ಟುಕೊಂಡಿದ್ದ ಗೌಡಿಕೆಗಳ ಬೆನ್ನು ಮುರಿಯಿತು. ತಳದಲ್ಲಿ ಹಳ್ಳಿ ಮತ್ತು ಕೇರಿಗಳು, ಒಟ್ಟು 139. ಹುಡುಗನಿಗೆ ಹದಿನೆಂಟು ತುಂಬಿದರೆ ಹಳ್ಳಿಯ ಪಟ್ಟಿಯಲ್ಲಿ ಹೆಸರು, ಅದೇ ಅವನ ಪೌರತ್ವ. ಹೆಸರಿನ ಜೊತೆ ಊರ ಹೆಸರೂ ಸೇರಿತು, ನಮ್ಮ ಉತ್ತರ ಕರ್ನಾಟಕದ ಅಡ್ಡಹೆಸರುಗಳ ಹಾಗೆ.

ಈಗ ಚೀಟಿಯ ವಿಷಯ. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಮಕ್ಕಳು ನಂಬುವುದೇ ಇಲ್ಲ. ಅಥೆನ್ಸಿನವರು ಹೆಚ್ಚಿನ ಹುದ್ದೆಗಳಿಗೆ ಚುನಾವಣೆ ಮಾಡುತ್ತಿರಲಿಲ್ಲ. ಕ್ರಿ.ಪೂ. 487ರಿಂದ ದೊಡ್ಡ ಅಧಿಕಾರಿಗಳೂ ಚೀಟಿ ಎತ್ತಿಯೇ ಬಂದರು. ಚುನಾವಣೆ ಮಾಡಿದರೆ ಗೆಲ್ಲುವವನು ಯಾರು? ದುಡ್ಡಿದ್ದವನು, ಮನೆತನದ ಹೆಸರಿದ್ದವನು, ಬಾಯಿ ಇದ್ದವನು. ಅದಕ್ಕೇ ಅರಿಸ್ಟಾಟಲ್ ಚೀಟಿಯನ್ನು ಪ್ರಜಾಪ್ರಭುತ್ವದ ಗುರುತು ಅಂತಲೂ, ಚುನಾವಣೆಯನ್ನು ಸಿರಿವಂತರ ಆಳ್ವಿಕೆಯ ಗುರುತು ಅಂತಲೂ ಬರೆದ. ನಾವು ಪಂಚಾಯಿತಿ ಚುನಾವಣೆಯಲ್ಲಿ ಇಬ್ಬರಿಗೂ ಸಮ ವೋಟು ಬಿದ್ದರೆ, ಇನ್ನೇನೂ ದಾರಿ ಇಲ್ಲ ಅಂದಾಗ ಮಾತ್ರ ಚೀಟಿ ಎತ್ತುತ್ತೇವೆ. ಅವರು ಚೀಟಿಯಿಂದಲೇ ಶುರು ಮಾಡುತ್ತಿದ್ದರು.

ಐನೂರು ಜನರ ಮಂಡಳಿ ತಗೊಳ್ಳಿ. ಪಂಗಡಕ್ಕೆ ಐವತ್ತರಂತೆ, ಮೂವತ್ತು ದಾಟಿದವರಲ್ಲಿ ಚೀಟಿ ಎತ್ತಿ ಒಂದು ವರ್ಷಕ್ಕೆ. ಜೀವಮಾನದಲ್ಲಿ ಎರಡಕ್ಕಿಂತ ಜಾಸ್ತಿ ಸಲ ಇಲ್ಲ. ಲೆಕ್ಕ ಹಾಕಿ: ಮೂವತ್ತು ವರ್ಷದಲ್ಲಿ 15,000 ಸ್ಥಾನ, ಅಂದರೆ ಕಡಿಮೆ ಅಂದರೂ 7,500 ಬೇರೆ ಬೇರೆ ಗಂಡಸರು ಮಂಡಳಿಯಲ್ಲಿ ಕೂತು ಎದ್ದಿರಬೇಕು. ವರ್ಷವನ್ನು ಹತ್ತು ಪಾಲು ಮಾಡಿ ಒಂದೊಂದು ಪಾಲಿಗೆ ಒಂದು ಪಂಗಡದ ಐವತ್ತು ಜನ ಊರಿನ ದೈನಂದಿನ ಕೆಲಸ ನೋಡಬೇಕು. ಆ ಐವತ್ತರಲ್ಲಿ ದಿನಾ ಸಂಜೆ ಒಬ್ಬನ ಚೀಟಿ. ಅವನು ಒಂದು ರಾತ್ರಿ ಒಂದು ಹಗಲು ಅಧ್ಯಕ್ಷ. ಖಜಾನೆ ಇರುವ ದೇವಸ್ಥಾನದ ಬೀಗದ ಕೈ ಅವನ ಹತ್ತಿರ, ಊರಿನ ಮುದ್ರೆ ಅವನ ಹತ್ತಿರ. ಸಂತೆಬೀದಿ ಪಕ್ಕದ ಥೊಲೋಸ್ ಅನ್ನೋ ದುಂಡು ಕಟ್ಟಡದಲ್ಲಿ ಊಟ ನಿದ್ದೆ. ಮಾರನೇ ಸಂಜೆ ಬೀಗದ ಕೈ ಇನ್ನೊಬ್ಬನಿಗೆ ಕೊಟ್ಟರೆ ಮುಗೀತು, ಇನ್ನು ಜೀವನದಲ್ಲಿ ಆ ಕೆಲಸ ಇಲ್ಲ. ಅಂದರೆ ಆಲಿವ್ ಎಣ್ಣೆ ಮಾರುವವನೂ ಒಂದು ದಿನದ ಮಟ್ಟಿಗೆ ಅಥೆನ್ಸಿನ ರಾಷ್ಟ್ರಪತಿ ಆಗಬಹುದಿತ್ತು.

ನ್ಯಾಯಸಭೆಗೆ ಜನ ಆರಿಸಲು ಕ್ಲೆರೊಟೀರಿಯನ್ ಅಂತ ಒಂದು ಯಂತ್ರವೇ ಇತ್ತು, ಅದರ ತುಂಡು ಈಗಲೂ ಅಥೆನ್ಸಿನ ಅಗೋರ ಮ್ಯೂಸಿಯಂನಲ್ಲಿದೆ. ನೋಡೋಕೆ ಒಂದು ಕಲ್ಲಿನ ಹಲಗೆ, ಅದರ ತುಂಬಾ ಸಾಲಾಗಿ ಸಣ್ಣ ಸೀಳುಗಳು. ಬೆಳಿಗ್ಗೆ ಬಂದವರು ತಮ್ಮ ಕಂಚಿನ ಬಿಲ್ಲೆ ಕೊಡುತ್ತಿದ್ದರು, ಅದರ ಮೇಲೆ ಹೆಸರು, ಹಳ್ಳಿ ಕೊರೆದಿರುತ್ತಿತ್ತು. ಬಿಲ್ಲೆಗಳನ್ನು ಸೀಳುಗಳಲ್ಲಿ ಸಿಕ್ಕಿಸಿದ ಮೇಲೆ ಪಕ್ಕದ ಕೊಳವೆಗೆ ಕಪ್ಪು ಬಿಳಿ ಗೋಲಿ ಸುರಿದು ಒಂದೊಂದಾಗಿ ಬಿಡುವುದು. ಬಿಳಿ ಬಿದ್ದರೆ ಆ ಅಡ್ಡಸಾಲಿನವರೆಲ್ಲ ಒಳಗೆ, ಕಪ್ಪು ಬಿದ್ದರೆ ಅಷ್ಟೂ ಜನ ಮನೆಗೆ. ಯಾರು ಯಾವ ಮೊಕದ್ದಮೆಗೆ ಅನ್ನೋದೂ ಅದೇ ಬೆಳಿಗ್ಗೆ ಗೊತ್ತಾಗುವುದು. ಲಂಚ ಕೊಡಬೇಕು ಅಂದರೆ ಯಾರಿಗೆ ಕೊಡುವುದು? ದೊಡ್ಡ ಮೊಕದ್ದಮೆಗೆ 501 ಜನ ಕೂರುತ್ತಿದ್ದರು. ವಕೀಲರಿಲ್ಲ, ಮಾತಿಗೆ ನೀರಿನ ಗಡಿಯಾರದ ಅಳತೆ. ತೀರ್ಪಿಗೆ ಪ್ರತಿಯೊಬ್ಬನಿಗೂ ಎರಡು ಕಂಚಿನ ಬಿಲ್ಲೆ, ಒಂದರ ನಡುವಿನ ಕಡ್ಡಿ ಟೊಳ್ಳು, ಇನ್ನೊಂದರದು ಗಟ್ಟಿ. ಹೆಬ್ಬೆಟ್ಟು ಬೆರಳಿನಲ್ಲಿ ಕಡ್ಡಿಯ ಎರಡೂ ತುದಿ ಮುಚ್ಚಿ ಹಿಡಿದರೆ ಯಾವುದು ಹಾಕಿದ ಅಂತ ಪಕ್ಕದವನಿಗೂ ಕಾಣದು.

ಚೀಟಿ ಅಂದ ಮಾತ್ರಕ್ಕೆ ಸಿಕ್ಕವನನ್ನು ಸುಮ್ನೆ ಬಿಡುತ್ತಿರಲಿಲ್ಲ. ದೊಡ್ಡ ಹುದ್ದೆಯ ಚೀಟಿ ಬಂದವನಿಗೆ ಮೊದಲು ವಿಚಾರಣೆ. ನಿನ್ನ ಅಪ್ಪ ಯಾರು, ಅಮ್ಮ ಯಾರು, ಮನೆತನದ ಸಮಾಧಿ ಎಲ್ಲಿದೆ, ಅಪ್ಪ ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಕಟ್ಟಿದ್ದೀಯಾ, ಯುದ್ಧಕ್ಕೆ ಹೋಗಿದ್ದೀಯಾ? ಬುದ್ಧಿಯ ಬಗ್ಗೆ ಒಂದೂ ಪ್ರಶ್ನೆ ಇಲ್ಲ, ನೋಡಿ. ವರ್ಷ ಮುಗಿದ ಮೇಲೆ ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು. ಚೀಟಿಗೆ ಬಿಡದೆ ಕೈ ಎತ್ತಿಸಿ ಆರಿಸುತ್ತಿದ್ದದ್ದು ಮುಖ್ಯವಾಗಿ ಹತ್ತು ಜನ ಸೇನಾಪತಿಗಳನ್ನು, ಯುದ್ಧಕ್ಕೆ ಅದೃಷ್ಟ ಸಾಲದು ಅಂತ. ಅಲ್ಲಿ ಮರು ಆಯ್ಕೆಗೆ ತಡೆ ಇಲ್ಲ, ಅಥೆನ್ಸಿನ ಹೆಸರಾಂತ ನಾಯಕ ಪೆರಿಕ್ಲಿಸ್ ಸತತ ಹದಿನೈದು ವರ್ಷ ಗೆದ್ದ. ದೊಡ್ಡ ಮನೆತನದವರು ಉಳಿದುಕೊಂಡದ್ದೂ ಅದೇ ಕಿಂಡಿಯಲ್ಲಿ.

ಜಾಸ್ತಿ ಬೆಳೆದವನನ್ನು ಇಳಿಸಲು ಬೇರೆ ಉಪಾಯ ಇತ್ತು. ವರ್ಷಕ್ಕೊಮ್ಮೆ, ಬೇಕು ಅಂತ ಜನಸಭೆ ಒಪ್ಪಿದರೆ, ಎಲ್ಲರೂ ಒಂದು ಮಡಕೆ ಚೂರಿನ ಮೇಲೆ ಒಬ್ಬನ ಹೆಸರು ಗೀಚಿ ತರಬೇಕು. ಕುಂಟೆಬಿಲ್ಲೆ ಆಡೋಕೆ ಮಕ್ಕಳು ಹೆಕ್ಕುತ್ತಿದ್ದಂಥ ಚೂರು. ಒಟ್ಟು 6,000 ಚೂರು ಸೇರಿದರೆ ಹೆಚ್ಚು ಹೆಸರು ಬಂದವನು ಹತ್ತು ವರ್ಷ ಊರಿಂದ ಹೊರಗೆ. ತಪ್ಪು ಏನು ಅಂತ ಕೇಳುವ ಹಾಗಿಲ್ಲ, ಆಸ್ತಿ ಮುಟ್ಟುವ ಹಾಗೂ ಇಲ್ಲ. ಸಾವಿರಾರು ಚೂರು ಅಗೆತದಲ್ಲಿ ಸಿಕ್ಕಿವೆ. ಒಂದರಲ್ಲಿ "ಕಿಮೋನ್, ಸೋದರಿ ಎಲ್ಪಿನಿಕೆಯನ್ನೂ ಕರೆದುಕೊಂಡು ತೊಲಗು" ಅಂತ ಇದೆ. ಅಕ್ರೊಪೊಲಿಸ್ ತಪ್ಪಲಿನ ಒಂದು ಬಾವಿಯಲ್ಲಿ ಸುಮಾರು 190 ಚೂರು ಒಟ್ಟಿಗೆ ಸಿಕ್ಕವು, ಎಲ್ಲದರಲ್ಲೂ ಥೆಮಿಸ್ಟೊಕ್ಲಿಸ್ ಅನ್ನೋ ನಾಯಕನ ಹೆಸರೇ, ಬರೆದ ಕೈಗಳು ಮಾತ್ರ ಹದಿನಾಲ್ಕೇ. ವಿರೋಧಿಗಳು ಮೊದಲೇ ಬರೆಸಿ ಹಂಚಲು ಇಟ್ಟುಕೊಂಡಿದ್ದ ದಾಸ್ತಾನು! ಚುನಾವಣೆ ಹತ್ತಿರ ಬಂದಾಗ ಪಾಂಪ್ಲೆಟ್ ಹಂಚುವವರು ನೆನಪಾಗುತ್ತಾರೆ ಅಲ್ವಾ?

ಆದರೂ ಕ್ಲೈಸ್ತನೀಸ್ ಕಾಲದಲ್ಲಿ ಕೂಲಿಯವನ ಕೈಗೆ ನಿಜವಾದ ಬಲ ಬಂದಿರಲಿಲ್ಲ. ಅದನ್ನು ತಂದದ್ದು ಹಡಗು. ಕ್ರಿ.ಪೂ. 483ರಲ್ಲಿ ಲಾರಿಯಂ ಗಣಿಯಲ್ಲಿ ಬೆಳ್ಳಿಯ ದೊಡ್ಡ ಪದರ ಸಿಕ್ಕಿತು. ತಲೆಗೆ ಹತ್ತು ದ್ರಾಖ್ಮ (ಅವರ ಬೆಳ್ಳಿ ನಾಣ್ಯ) ಹಂಚಿಕೊಳ್ಳೋಣ ಅಂತಿದ್ದ ಜನರನ್ನು ಒಪ್ಪಿಸಿ ಥೆಮಿಸ್ಟೊಕ್ಲಿಸ್ ಆ ದುಡ್ಡಿನಲ್ಲಿ ಯುದ್ಧದ ಹಡಗು ಕಟ್ಟಿಸಿದ. ಒಂದು ಹಡಗಿಗೆ 170 ಜನ ಹುಟ್ಟು ಹಾಕಬೇಕು. ಕವಚ ಕೊಳ್ಳಲಾಗದವನಿಗೂ ತೋಳು ಇದ್ದೇ ಇರುತ್ತೆ. ಮೂರು ವರ್ಷದ ನಂತರ ಸಲಾಮಿಸ್ ಕಡಲಲ್ಲಿ ಪರ್ಷಿಯಾದ ದೊಡ್ಡ ನೌಕಾಪಡೆಯನ್ನು ಸೋಲಿಸಿದ್ದು ಹೆಚ್ಚಾಗಿ ಈ ತೋಳುಗಳೇ. ಇನ್ನು ಅವರನ್ನು "ನೀನು ಸುಮ್ಮನಿರು" ಅನ್ನೋದು ಹೇಗೆ? ಪ್ರಜಾಪ್ರಭುತ್ವವನ್ನು ಕಂಡರಾಗದ ಒಬ್ಬ ಸಿರಿವಂತ, ಹೆಸರು ಉಳಿದಿಲ್ಲ, ಒಂದು ಬರಹದಲ್ಲಿ ಹಲ್ಲು ಕಚ್ಚಿಕೊಂಡೇ ಒಪ್ಪಿಕೊಂಡಿದ್ದಾನೆ: ಹಡಗು ನಡೆಸುವವರು ಬಡವರು, ಹಾಗಾಗಿ ಅವರಿಗೆ ಜಾಸ್ತಿ ಸಿಗುವುದು ನ್ಯಾಯವೇ ಅಂತ.

ಕ್ರಿ.ಪೂ. 462ರಲ್ಲಿ ಎಫಿಯಾಲ್ಟಿಸ್ ಅನ್ನುವವನು ಹಳೇ ಹಿರಿಯರ ಸಭೆಯ ಅಧಿಕಾರ ಕಿತ್ತು ಜನರ ಸಭೆ, ಮಂಡಳಿ, ನ್ಯಾಯಸಭೆಗಳಿಗೆ ಕೊಟ್ಟ. ಆಮೇಲೆ ಬೇಗನೇ ಅವನ ಕೊಲೆಯಾಯಿತು. ಪೆರಿಕ್ಲಿಸ್ ನ್ಯಾಯಸಭೆಗೆ ಬಂದವರಿಗೆ ದಿನಕ್ಕೆ ಎರಡು ಒಬೋಲ್ ಭತ್ಯೆ ಮಾಡಿದ, ಮುಂದೆ ಅದು ಮೂರಾಯಿತು. ಆರು ಒಬೋಲ್ ಸೇರಿದರೆ ಒಂದು ದ್ರಾಖ್ಮ, ಕಸುಬು ಬಲ್ಲವನ ಒಂದು ದಿನದ ಕೂಲಿ. ಅರ್ಧ ಕೂಲಿ ಸಿಕ್ಕರೆ ಬಡ ಮುದುಕನೂ ಬಂದು ಕೂರಬಹುದು. ಜನಸಭೆ ಸೇರುತ್ತಿದ್ದದ್ದು ಪ್ನಿಕ್ಸ್ ದಿಬ್ಬದ ಮೇಲೆ, ಬಯಲಲ್ಲಿ. ಡಂಗುರದವನು "ಯಾರಿಗೆ ಮಾತಾಡಬೇಕಿದೆ?" ಅಂತ ಕೂಗುತ್ತಿದ್ದ, ಯಾರು ಬೇಕಾದರೂ ಏಳಬಹುದು. ಸಂತೆಯಲ್ಲೇ ಹರಟುತ್ತಾ ನಿಂತವರನ್ನು ಕೆಂಪು ಬಣ್ಣ ಅದ್ದಿದ ಹಗ್ಗ ಹಿಡಿದು ದಿಬ್ಬದ ಕಡೆ ತಳ್ಳುತ್ತಿದ್ದರು ಅಂತ ನಾಟಕಕಾರ ಅರಿಸ್ಟೊಫೇನಿಸ್ ತಮಾಷೆ ಮಾಡಿದ್ದಾನೆ. ಬಟ್ಟೆಗೆ ಬಣ್ಣ ಹತ್ತಿದವನು ತಪ್ಪಿಸಿಕೊಳ್ಳುವ ಹಾಗಿಲ್ಲ.

ಅದೇ ಹೊತ್ತಿನಲ್ಲಿ ಸ್ಪಾರ್ಟಾದಲ್ಲಿ ಒಬ್ಬರಲ್ಲ, ಇಬ್ಬರು ರಾಜರು, ಎರಡು ವಂಶದಿಂದ. ಅರವತ್ತು ದಾಟಿದ 28 ಹಿರಿಯರ ಜೊತೆ ಈ ಇಬ್ಬರೂ ಸೇರಿ ಮೂವತ್ತು ಜನರ ಸಭೆ, ಮೇಲೆ ವರ್ಷಕ್ಕೊಮ್ಮೆ ಬದಲಾಗುವ ಐದು ಎಫರ್‌ಗಳು, ಅಂದರೆ ಉಸ್ತುವಾರಿ ಅಧಿಕಾರಿಗಳು. ಹಿರಿಯರನ್ನು ಆರಿಸುವಾಗ ಜನ ಗಟ್ಟಿಯಾಗಿ ಕೂಗಬೇಕು, ಕೋಣೆಯೊಳಗೆ ಕೂತವರು ಯಾವ ಕೂಗು ಜೋರು ಅಂತ ಬರೆದುಕೊಳ್ಳುತ್ತಿದ್ದರು. ಅರಿಸ್ಟಾಟಲ್ ಇದನ್ನು ಹುಡುಗಾಟ ಅಂದ. ಕೊರಿಂಥ್, ಥೀಬ್ಸ್‌ನಲ್ಲಿ ಹೆಚ್ಚು ಕಾಲ ಕೆಲವೇ ಸಿರಿವಂತರ ಕೂಟ, ಸಿರಾಕ್ಯೂಸ್‌ನಲ್ಲಿ ಒಮ್ಮೆ ಟೈರಂಟ್, ಒಮ್ಮೆ ಪ್ರಜಾಪ್ರಭುತ್ವ, ಮತ್ತೆ ಟೈರಂಟ್. ಇದನ್ನೆಲ್ಲ ನೋಡಿಯೇ ಅರಿಸ್ಟಾಟಲ್ ಆರು ಬಗೆ ಮಾಡಿದ್ದು. ಒಬ್ಬನ ಆಳ್ವಿಕೆ, ಕೆಲವರದು, ಬಹಳ ಜನರದು; ಒಂದೊಂದರಲ್ಲೂ ಊರಿನ ಒಳಿತಿಗೆ ನಡೆಯುವುದು ಒಂದು, ಸ್ವಂತಕ್ಕೆ ನಡೆಯುವುದು ಇನ್ನೊಂದು. ಪ್ರಜಾಪ್ರಭುತ್ವವನ್ನು ಅವನು ಹಾಕಿದ್ದು ಕೆಟ್ಟ ಮೂರರ ಪಟ್ಟಿಯಲ್ಲಿ. ಬಡವರು ತಮಗಾಗಿಯೇ ಆಳಿಕೊಳ್ಳುವುದು ಅಂತ ಅವನ ಅಭಿಪ್ರಾಯ. ಅವನು ಹೊರಗಿನಿಂದ ಬಂದವನು, ಅಥೆನ್ಸಿನಲ್ಲಿ ಅವನಿಗೇ ವೋಟಿರಲಿಲ್ಲ.

ಕೊನೆಯ ಪ್ರಶ್ನೆಗೆ ಬರುತ್ತೇನೆ. ಹೆಂಗಸರಿಗೆ ಸಭೆ ಇಲ್ಲ. ತಲೆಮಾರುಗಳಿಂದ ಅಲ್ಲೇ ಬಾಳಿದ ಹೊರಗಿನವರಿಗೂ ಇಲ್ಲ. ಗುಲಾಮರ ಮಾತೇ ಇಲ್ಲ. ವೋಟಿದ್ದ ಗಂಡಸರು 30 ಸಾವಿರದಿಂದ 60 ಸಾವಿರದವರೆಗೆ, ಕಾಲಕ್ಕೆ ತಕ್ಕಂತೆ. ಹಡಗಿಗೆ ದುಡ್ಡು ಕೊಟ್ಟ ಲಾರಿಯಂ ಬೆಳ್ಳಿಯನ್ನು ಅಗೆದದ್ದು ಗುಲಾಮರು, ಜನಸಭೆಯಲ್ಲಿ ಶಿಸ್ತು ಕಾಯುತ್ತಿದ್ದ ಪೊಲೀಸರೂ ಊರಿನ ಗುಲಾಮರೇ. ಒಂದು ಕಹಿ ಸತ್ಯವೂ ಇದೆ. ಸೋಲನ್ ಊರವನನ್ನು ಜೀತಕ್ಕೆ ಇಡಬಾರದು ಅಂದ ಮೇಲೆ ಸಿರಿವಂತರು ಆಳಿಗಾಗಿ ಹೊರಗಿನಿಂದ ಕೊಂಡು ತರುವುದು ಜಾಸ್ತಿಯಾಯಿತು. ಒಬ್ಬನ ಬಿಡುಗಡೆಯ ಬೆಲೆಯನ್ನು ಇನ್ನೊಬ್ಬ ತೆತ್ತ. ಹಾಗಾಗಿ "ಸರಿಯಾ" ಅಂದರೆ ಸರಿಯಲ್ಲ. "ಪ್ರಜಾಪ್ರಭುತ್ವವಾ" ಅಂದರೆ ಹೌದು, ಯಾಕೆಂದರೆ ಒಳಗಿದ್ದವರ ನಡುವೆ ಚಪ್ಪಲಿ ಹೊಲಿಯುವವನಿಗೂ ಗಣಿ ಮಾಲೀಕನಿಗೂ ಒಂದೇ ಬಿಲ್ಲೆ. ಎರಡನ್ನೂ ಮಗಳಿಗೆ ಒಟ್ಟಿಗೇ ಹೇಳಿ, ಒಂದನ್ನು ಬಚ್ಚಿಡಬೇಡಿ.

ಒಳಗೆ ಹೊರಗೆ ಅನ್ನೋ ಗೆರೆಯನ್ನು ಬಿಗಿ ಮಾಡಿದವನೂ ಪೆರಿಕ್ಲಿಸ್ಸೇ. ಅಪ್ಪ ಅಮ್ಮ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ಪೌರ ಅಂತ ಕ್ರಿ.ಪೂ. 451ರಲ್ಲಿ ಕಾನೂನು ಮಾಡಿಸಿದ. ಆಮೇಲೆ ಮಿಲೆಟಸ್‌ನಿಂದ ಬಂದ ಅಸ್ಪಾಸಿಯಾ ಅನ್ನೋ ಹೆಂಗಸಿನ ಜೊತೆ ಬಾಳಿದ, ಅವರಿಗೆ ಒಬ್ಬ ಮಗ ಹುಟ್ಟಿದ, ಹೆಸರು ಅಪ್ಪನದೇ. ಅವನದೇ ಕಾನೂನಿನ ಪ್ರಕಾರ ಆ ಮಗ ಹೊರಗಿನವನು. ಪ್ಲೇಗಿನಲ್ಲಿ ಹಿರಿಯ ಮಕ್ಕಳಿಬ್ಬರೂ ಸತ್ತಾಗ ಮುದುಕ ಪೆರಿಕ್ಲಿಸ್ ಜನರ ಮುಂದೆ ಬೇಡಿಕೊಂಡ, ಜನ ಕರಗಿ ಹುಡುಗನಿಗೆ ಪೌರತ್ವ ಕೊಟ್ಟರು. ಅವನು ಬೆಳೆದು ಸೇನಾಪತಿಯಾದ. ಕ್ರಿ.ಪೂ. 406ರಲ್ಲಿ ಆರ್ಗಿನೂಸಿ ಹತ್ತಿರ ಕಡಲ ಯುದ್ಧ ಗೆದ್ದ, ಆದರೆ ಬಿರುಗಾಳಿಯಲ್ಲಿ ಮುಳುಗುತ್ತಿದ್ದ ತಮ್ಮವರನ್ನು ಎತ್ತಿಕೊಳ್ಳಲಾಗಲಿಲ್ಲ. ರೊಚ್ಚಿಗೆದ್ದ ಜನಸಭೆ ಒಬ್ಬೊಬ್ಬರ ವಿಚಾರಣೆ ಬೇರೆ ಬೇರೆ ಮಾಡದೆ, ಒಂದೇ ವೋಟಿನಲ್ಲಿ ಸೇನಾಪತಿಗಳಿಗೆ ಮರಣದಂಡನೆ ಹಾಕಿತು. ಊರಲ್ಲಿದ್ದ ಆರು ಜನರನ್ನು ಕೊಂದರು, ಅವನೂ ಒಬ್ಬ. ಹೀಗೆ ಮಾಡುವುದು ಕಾನೂನಲ್ಲ ಅಂತ ಆ ದಿನ ಪಟ್ಟು ಹಿಡಿದವನು, ಆ ವರ್ಷ ಚೀಟಿಯಲ್ಲಿ ಮಂಡಳಿಗೆ ಬಂದಿದ್ದ ಸಾಕ್ರಟಿಸ್. ಜನ ಬೇಗನೇ ಪಶ್ಚಾತ್ತಾಪ ಪಟ್ಟರು. ಕ್ರಿ.ಪೂ. 399ರಲ್ಲಿ ಅದೇ ಸಾಕ್ರಟಿಸ್‌ನನ್ನೂ ಸಾಯಿಸಿದರು.

ಇಷ್ಟಾದರೂ ಆ ವ್ಯವಸ್ಥೆ ಗಟ್ಟಿ ಜೀವ. 411ರಲ್ಲಿ ನಾನೂರು ಸಿರಿವಂತರು, 404ರಲ್ಲಿ ಸ್ಪಾರ್ಟಾ ಕೂರಿಸಿದ ಮೂವತ್ತು ಜನ ಅದನ್ನು ಕಿತ್ತುಹಾಕಿದರು, ಎರಡು ಸಲವೂ ಬಹಳ ತಡವಿಲ್ಲದೆ ವಾಪಸ್ ಬಂತು. 403ರಲ್ಲಿ ಬಂದಾಗ ಹಳೇ ದ್ವೇಷ ಕೆದಕುವುದಿಲ್ಲ ಅಂತ ಊರಿಗೆ ಊರೇ ಆಣೆ ಮಾಡಿತು. ಆಮೇಲೆ ಇನ್ನೂ ಎಂಬತ್ತು ವರ್ಷ ನಡೆಯಿತು. ಕೊನೆಗೊಂಡದ್ದು ಕ್ರಿ.ಪೂ. 322ರಲ್ಲಿ, ಅಮೊರ್ಗೊಸ್ ದ್ವೀಪದ ಹತ್ತಿರ ಮ್ಯಾಸಿಡೋನಿಯಾದವರು ಅಥೆನ್ಸಿನ ಹಡಗುಪಡೆಯನ್ನು ಸೋಲಿಸಿದ ವರ್ಷ. ಗೆದ್ದವರ ಮುಖಂಡ ಆಂಟಿಪೇಟರ್ ಬಂದರಿನ ಗುಡ್ಡದಲ್ಲಿ ಸೈನಿಕರನ್ನು ಇಟ್ಟ, 2,000 ದ್ರಾಖ್ಮ ಆಸ್ತಿ ಇಲ್ಲದವನಿಗೆ ವೋಟಿಲ್ಲ ಅಂದ. 12 ಸಾವಿರಕ್ಕೂ ಹೆಚ್ಚು ಗಂಡಸರ ಹೆಸರು ಪಟ್ಟಿಯಿಂದ ಹೋಯಿತು ಅಂತ ಮುಂದಿನ ಕಾಲದ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಬಹುಪಾಲು ಯಾರು ಅಂತ ಬೇರೆ ಹೇಳಬೇಕಿಲ್ಲ, ಹುಟ್ಟು ಹಾಕುತ್ತಿದ್ದವರೇ. ಕೆಲವರು ಊರಲ್ಲೇ ಉಳಿದರು. ಇನ್ನು ಕೆಲವರು ಆಂಟಿಪೇಟರ್ ಕೊಟ್ಟ ಜಮೀನು ನಂಬಿಕೊಂಡು ಗಂಟು ಮೂಟೆ ಕಟ್ಟಿ ಉತ್ತರದ ತ್ರೇಸ್ ಸೀಮೆ ಕಡೆ ಹೊರಟರು.